ದೂರದ ಮನೆಯೂ ನುಣ್ಣಗೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಈ ಗಾದೆ ನಮ್ಮಲ್ಲಿ ಹೆಚ್ಚಾಗಿ ಬಳಕೆಯಾಗುವುದು ಹೊರಟವರನ್ನು ತಡೆಯಲಿಕ್ಕೆ. ಪರಊರಿನ ಕೆಲಸವಿರಲಿ, ಹೊಸ ವ್ಯಾಪಾರವಿರಲಿ, ಜಗಲಿಯಲ್ಲಿ ಕೂತವರ ನಾಲಿಗೆ ತುದಿಯಲ್ಲಿ ಇದು ಸಿದ್ಧ. ಹಾಗೆನ್ನುವವರು ಆ ಬೆಟ್ಟ ಹತ್ತಿ ಬಂದವರೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹತ್ತಿ ಬಂದವರೊಬ್ಬರಿದ್ದರು. ಅಮೆರಿಕದ ಒಹಾಯೊದ ಎಮ್ಮಾ ಗೇಟ್‌ವುಡ್, ಹನ್ನೊಂದು ಮಕ್ಕಳ ತಾಯಿ. ಹೊಡೆಯುವ ಗಂಡನಿಂದ ಬಿಡುಗಡೆ ಪಡೆದವರು. ಅಪಲೇಚಿಯನ್ ಕಾಲುಹಾದಿಯ ಬಗ್ಗೆ ನ್ಯಾಷನಲ್ ಜಿಯಾಗ್ರಫಿಕ್‌ನಲ್ಲಿ ಬಂದ ಲೇಖನ ಓದಿ, ಇದೇನು ಮಹಾ ಎಂದುಕೊಂಡರು. 1955ರ ಮೇ ತಿಂಗಳಲ್ಲಿ, 67ರ ವಯಸ್ಸಿನಲ್ಲಿ, ಸುಮ್ಮನೆ ನಡೆದು ಬರುತ್ತೇನೆಂದು ಮಕ್ಕಳಿಗೆ ಹೇಳಿ, ತಾವೇ ಹೊಲಿದ ಚೀಲವನ್ನು ಹೆಗಲಿಗೇರಿಸಿ ಜಾರ್ಜಿಯಾದಿಂದ ಹೊರಟರು. ಕಾಲಿಗೆ ಕ್ಯಾನ್ವಾಸ್ ಬೂಟು. ಡೇರೆಯಿಲ್ಲ, ಮಳೆಗೆ ಬಚ್ಚಲುಮನೆಯ ಪ್ಲಾಸ್ಟಿಕ್ ಪರದೆ. ಹಾದಿಯುದ್ದಕ್ಕೂ ಸಿಕ್ಕಿದ್ದು ಉರುಳಿದ ಮರಗಳು, ಕುತ್ತಿಗೆಯೆತ್ತರದ ಕಳೆ, ಮಲಗಲಾರದಷ್ಟು ಕೊಳಕಾದ ತಂಗುಮನೆಗಳು. ಇಷ್ಟು ಕಷ್ಟವೆಂದು ಮೊದಲೇ ತಿಳಿದಿದ್ದರೆ ಹೊರಡುತ್ತಲೇ ಇರಲಿಲ್ಲವೆಂದು ಅವರೇ ಪತ್ರಕರ್ತರ ಮುಂದೆ ಗೊಣಗಿದರು. ಅಷ್ಟರ ಮಟ್ಟಿಗೆ ಗಾದೆ ಗೆದ್ದಿತು.

ಆದರೆ ಗಾದೆ ಹೇಳುವವರು ಯಾವಾಗಲೂ ಮನೆಯ ಕಡೆಯಿಂದಲೇ ಬೆಟ್ಟ ನೋಡುತ್ತಾರೆ. ಆಚೆ ತುದಿಯಲ್ಲಿ ನಿಂತರೆ? ಇಂದಿಗೂ ಈ ದಾರಿ ಹಿಡಿದವರು ಸುಮಾರು 3,500 ಕಿಲೋಮೀಟರ್ ನಡೆದು, ಮೇನ್ ರಾಜ್ಯದ ದಟ್ಟ ಕಾಡು ದಾಟಿ ಅಬಾಲ್ ಸೇತುವೆಗೆ ಬಂದಾಗ, ನದಿಯಾಚೆ 1,606 ಮೀಟರ್ ಎತ್ತರದ ಕಟಾಡಿನ್ ಕಾಣುತ್ತದೆ. ನೋಡಲು ನುಣ್ಣಗೇ ಇದೆ. ಹತ್ತುವಾಗ ಹೆಬ್ಬಂಡೆಗಳು, ಕೈಗೆ ಆಸರೆಯಾಗಿ ಕಲ್ಲಿಗೆ ಹೊಡೆದ ಕಬ್ಬಿಣದ ಗೂಟಗಳು. ಅಷ್ಟು ಹೊತ್ತಿಗೆ ನಡೆಯುವವರ ಕಣ್ಣು ಇನ್ನೊಂದು ಬೆಟ್ಟದ ಮೇಲೆ ನೆಟ್ಟಿರುತ್ತದೆ: ಬಿಸಿನೀರು, ಒಣಗಿದ ಹಾಸಿಗೆ, ತಮ್ಮವರ ದನಿ. ತಿಂಗಳುಗಟ್ಟಲೆ ನೆನೆದು, ಹಸಿದು ಬಂದವರಿಗೆ ಮನೆಗಿಂತ ನುಣುಪಾದದ್ದು ಯಾವುದಿದೆ? ಅಲ್ಲಿ ಕಾದಿರುವ ಬಾಕಿ ಬಿಲ್ಲು, ಮುಗಿಯದ ಜಗಳ ಶಿಖರದಿಂದ ಕಾಣುವುದಿಲ್ಲ. ಅಷ್ಟೇಕೆ, ಅದೇ ಬಂಡೆಗಳನ್ನು ಅದೇ ದಿನ ಇಳಿಯಬೇಕೆಂಬುದೂ ಮರೆತಿರುತ್ತದೆ. ಶಿಖರದ ಮರದ ಫಲಕದ ಪಕ್ಕ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರೆ. ಇಳಿಯುವಾಗಿನ ಮೊಣಕಾಲಿಗೆ ಫೋಟೊ ಇಲ್ಲ.

ಕಾಲವೂ ಒಂದು ದೂರವೇ. ಮಹಾಯುದ್ಧದಿಂದ ಮರಳಿದ ಅರ್ಲ್ ಶೇಫರ್ 1948ರಲ್ಲಿ ಈ ಹಾದಿಯನ್ನು ಒಂದೇ ಉಸಿರಿಗೆ ನಡೆದವರು. ಐವತ್ತು ವರ್ಷದ ಮೇಲೆ, ಎಂಬತ್ತು ತುಂಬಲು ಕೆಲವೇ ವಾರಗಳಿರುವಾಗ ಮತ್ತೊಮ್ಮೆ ನಡೆದು ಮುಗಿಸಿ, ಹಾದಿಯನ್ನು ವಿಪರೀತ ಕಠಿಣ ಮಾಡಿಬಿಟ್ಟಿದ್ದಾರೆಂದು ದೂರಿದರು. ಹಾದಿ ಹಲವೆಡೆ ಬದಲಾಗಿದ್ದು ನಿಜ. ಆದರೆ ಐವತ್ತು ವರ್ಷದ ನೆನಪು ಹಳೆಯ ಕಲ್ಲುಗಳನ್ನು ಸವೆಸಿರಲಿಲ್ಲವೆಂದು ಹೇಗೆ ಹೇಳುವುದು?

ಗೇಟ್‌ವುಡ್ ಅವರ ವಿಷಯದಲ್ಲಿ ಗಾದೆ ಸ್ವಲ್ಪ ತಡವರಿಸುತ್ತದೆ. ಮನೆಗೆ ಮರಳಿದವರು 1957ರಲ್ಲಿ ಮತ್ತೆ ಅದೇ ಹಾದಿಗೆ ಹೊರಟರು. ಈ ಸಲ ಕಣ್ಣಿಗೆ ಮೋಸವಿರಲಿಲ್ಲ. ಒಂದೊಂದು ಬಂಡೆಯೂ ಪಾದಕ್ಕೆ ಪರಿಚಿತ. ಆಮೇಲೆ, ತುಂಡುತುಂಡಾಗಿ ನಡೆದು, 76ರ ವಯಸ್ಸಿನಲ್ಲಿ ಮೂರನೆಯ ಸಲವೂ ಮುಗಿಸಿದರು.