ಮಾಗಿದ ವೈನ್ ಅದೇ ವೈನೇ?

ಫ್ರಾನ್ಸಿನ ಬೋರ್ಡೋ ಪ್ರಾಂತದಲ್ಲಿ, ಮುಖ್ಯವಾಗಿ 1855ರ ವರ್ಗೀಕರಣದಲ್ಲಿ ಐದು ದರ್ಜೆಗಳಲ್ಲಿ ಸ್ಥಾನ ಪಡೆದ ಮೆದೋಕ್ ಸೀಮೆಯ ತೋಟಗಳ ವಿಷಯದಲ್ಲಿ, ಒಂದೇ ತೋಟದ ಬೇರೆ ಬೇರೆ ವರ್ಷಗಳ ವೈನುಗಳನ್ನು ಗೆಳೆಯರ ಊಟದಲ್ಲಿ ಒಟ್ಟಿಗೆ ಇಟ್ಟು ಸವಿಯುವ ರೂಢಿಯುಂಟು. ಇದನ್ನು ‘ವೆರ್ಟಿಕಾಲ್’ ಎನ್ನುತ್ತಾರೆ. ಎಳೆಯದು ಮುಂದೆ ಹಳೆಯದರಂತಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿರುವ ಈ ರೂಢಿಯು, ಗುಣಗಳೆಲ್ಲ ಬದಲಾದ ಮೇಲೂ ವಸ್ತು ಅದೇ ಆಗಿ ಉಳಿಯುತ್ತದೆಯೇ ಎಂಬ ಹಳೆಯ ದಾರ್ಶನಿಕ ಪ್ರಶ್ನೆಯನ್ನು ಊಟದ ಮೇಜಿಗೆ ತರುತ್ತದೆ.

ಬದಲಾವಣೆಯಂತೂ ಸಣ್ಣದಲ್ಲ. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜಗಳಿಂದ ಬರುವ ಟ್ಯಾನಿನ್ ಎಂಬ ಒಗರು ಪದಾರ್ಥವು ವರ್ಷಗಳು ಕಳೆದಂತೆ ವರ್ಣದ್ರವ್ಯಗಳೊಡನೆ ಕೂಡಿಕೊಳ್ಳುತ್ತದೆ, ಅದರ ಒಂದಂಶ ಬಾಟಲಿಯ ತಳದಲ್ಲಿ ಗಸಿಯಾಗಿ ಇಳಿಯುತ್ತದೆ. ಕಡುಗೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಹಣ್ಣಿನ ಕಂಪು ಹಿಂದೆ ಸರಿದು ತರಗೆಲೆ, ಚರ್ಮ, ಅಣಬೆಗಳನ್ನು ನೆನಪಿಸುವ ವಾಸನೆಗಳು ಮೇಲೇಳುತ್ತವೆ.

ಕಾರ್ಯವು ಕಾರಣದಲ್ಲಿ ಅವ್ಯಕ್ತವಾಗಿ ಮೊದಲೇ ಇರುತ್ತದೆಂಬ ಸತ್ಕಾರ್ಯವಾದವನ್ನು ಸಾಂಖ್ಯ ದರ್ಶನದವರು ಇಂಥದೇ ಬದಲಾವಣೆಯಾದ ಹಾಲು ಮೊಸರಾಗುವ ನಿದರ್ಶನದಿಂದ ವಿವರಿಸಿದರು. ಎಳೆಯ ಬೋರ್ಡೋವನ್ನು ಕೊಂಡು ನೆಲಮಾಳಿಗೆಯಲ್ಲಿ 20 ವರ್ಷ ಕಾಯುವವನು ತನಗೆ ತಿಳಿಯದೆಯೇ ಸಾಂಖ್ಯನಾಗಿರುತ್ತಾನೆ. ಬೌದ್ಧರ ‘ಮಿಲಿಂದಪನ್ಹ’ ಗ್ರಂಥದಲ್ಲಿ ಭಿಕ್ಷು ನಾಗಸೇನನು ಅದೇ ಹಾಲನ್ನು ಎತ್ತಿಕೊಂಡು, ಮೊಸರು ಹಾಲೇ ಅಲ್ಲ, ಹಾಲಿಗಿಂತ ತೀರ ಬೇರೆಯೂ ಅಲ್ಲ, ಹಾಲನ್ನು ಆಶ್ರಯಿಸಿ ಹುಟ್ಟಿದ್ದು ಎಂದು ವಾದಿಸುತ್ತಾನೆ, ಹೀಗೆ ಒಂದರಿಂದೊಂದು ಹುಟ್ಟುತ್ತ ಸಾಗುವ ಪ್ರವಾಹಕ್ಕೆ ಬೌದ್ಧ ಪರಿಭಾಷೆಯಲ್ಲಿ ‘ಸಂತಾನ’ವೆಂದು ಹೆಸರು.

ವೈನಿನ ಮಟ್ಟಿಗೆ ನಾಗಸೇನನ ಪಕ್ಷವೇ ಬಲವಾದುದು. ಒಂದೇ ಪೀಪಾಯಿಯಿಂದ ಒಂದೇ ದಿನ ತುಂಬಿದ ಎರಡು ಬಾಟಲಿಗಳು ಸಹ, ಬಿರಡೆಯ ಮೂಲಕ ನುಸುಳುವ ಗಾಳಿಯ ಪ್ರಮಾಣ ಬೇರೆಯಾದರೆ, ದಶಕಗಳ ಬಳಿಕ ಬೇರೆ ಬೇರೆ ರುಚಿಯವಾಗುತ್ತವೆ. ಒಳಗೆ ಅಡಗಿದ್ದ ಒಂದೇ ರುಚಿ ಹೊರಬಂದಿತೆಂದರೆ ಈ ಭೇದಕ್ಕೆ ಉತ್ತರ ಸಿಗುವುದಿಲ್ಲ. ಸಹಕಾರಿ ಕಾರಣಗಳು, ಅಂದರೆ ಜೊತೆಗೂಡಿ ಫಲವನ್ನು ರೂಪಿಸುವ ಹೊರಗಿನ ಸಂಗತಿಗಳು, ಊಟದಲ್ಲಿಯೂ ಕೆಲಸ ಮಾಡುತ್ತವೆ: ಜೊಲ್ಲಿನ ಪ್ರೋಟೀನಿಗೆ ಅಂಟಿಕೊಂಡು ಬಾಯನ್ನು ಒಣಗಿಸುವ ಎಳೆಯ ಟ್ಯಾನಿನ್, ಕುರಿಮಾಂಸದ ತುತ್ತಿನೊಡನೆ ಮೆದುವಾಗಿ ತೋರುತ್ತದೆ.

ಹಾಗಾಗಿ ಎಳೆಯ ವೈನನ್ನು ಅಪೂರ್ಣವೆಂದು ಕರೆಯುವುದು ಸರಿಯಲ್ಲ. ನವೆಂಬರಿನ ಮೂರನೆಯ ಗುರುವಾರ ಮಾರಾಟಕ್ಕೆ ಬರುವ ಬೋಜೊಲೆ ನುವೋ ಎಂಬ ಫ್ರೆಂಚ್ ವೈನು, ಅದೇ ವರ್ಷದ ಸುಗ್ಗಿಯದಾಗಿದ್ದು, ಕೆಲವೇ ತಿಂಗಳೊಳಗೆ ಕುಡಿಯಲೆಂದೇ ತಯಾರಾಗುತ್ತದೆ. ಹಳೆಯ ಬೋರ್ಡೋ ಕೂಡ ಇನ್ನಷ್ಟು ಕಾಲ ಇಟ್ಟರೆ ಸೊರಗುತ್ತದೆ. ಬಾಟಲಿಯ ಚೀಟಿಯ ಮೇಲಿನ ವರ್ಷವು ದ್ರಾಕ್ಷಿ ಕೊಯ್ದ ವರ್ಷವೇ ಹೊರತು ಪಕ್ವತೆಯ ಅಳತೆಯಲ್ಲ.