ಯಾರ ದುಃಖದ ಮೇಲೆ ಕಲಿಯುವುದು?

ಉತ್ತರಹಳ್ಳಿಯಲ್ಲಿ ನಮ್ಮ ಮನೆಯ ಮಹಡಿ ಮೇಲಿನ ರೂಮಿನಲ್ಲಿ ಹಾಸನದ ಕಡೆಯ ಇಬ್ಬರು ಹುಡುಗಿಯರು ಬಾಡಿಗೆಗೆ ಇದ್ದಾರೆ. ಅವರಲ್ಲೊಬ್ಬಳು ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಕಳೆದ ಮಳೆಗಾಲದ ಒಂದು ಭಾನುವಾರ ಅವಳು ಪ್ರಾಕ್ಟಿಕಲ್ ರೆಕಾರ್ಡ್ ಪುಸ್ತಕವನ್ನು ಎದೆಗವಚಿಕೊಂಡು ಕೆಳಗಿಳಿದು ಬಂದಳು. "ಅಂಕಲ್, ಅರವತ್ತು ದಾಟಿದವರ ಮೇಲೆ ಎರಡು ಟೆಸ್ಟ್ ಮಾಡಬೇಕು. ಅಜ್ಜಿ ಅರ್ಧ ಗಂಟೆ ಕೂರ್ತಾರಾ?" ಎಂದು ಕೇಳಿದಳು. ಅಜ್ಜಿ ಎಂದರೆ ನನ್ನ ತಾಯಿ. ಯಾರಾದರೂ ಮಾತಿಗೆ ಸಿಕ್ಕಿದರೆ ಸಾಕು ಎಂದು ಕಾಯುವ ವಯಸ್ಸು ಅವರದು. ಎಲೆಅಡಿಕೆ ಡಬ್ಬಿ ಪಕ್ಕಕ್ಕಿಟ್ಟು ಕೂತೇಬಿಟ್ಟರು.

ಮೊದಲನೆಯದು ನೆನಪಿನ ಪರೀಕ್ಷೆ. ಹುಡುಗಿ ಹೇಳಿದ ಅಂಕಿಗಳನ್ನು ಅಮ್ಮಿ ತಿರುಗಿ ಹೇಳಬೇಕು, ಆಮೇಲೆ ಕೊನೆಯಿಂದ ಮೊದಲಿಗೆ ಹೇಳಬೇಕು. "ಮುಂದಕ್ಕೆ ಹೇಳೋದೇ ಕಷ್ಟ, ಹಿಂದಕ್ಕೆ ಯಾಕಮ್ಮ?" ಎಂದು ಅಮ್ಮಿ ನಕ್ಕರು. ಎರಡನೆಯದು ಪದಗಳ ಪರೀಕ್ಷೆ. ಒಂದು ಪದ ಕೇಳಿದ ಕೂಡಲೇ ಮನಸ್ಸಿಗೆ ಬಂದ ಇನ್ನೊಂದು ಪದ ಹೇಳಬೇಕು. ನಡುವೆ ಹಿಡಿದ ಸಮಯವನ್ನು ಸ್ಟಾಪ್‌ವಾಚಿನಲ್ಲಿ ಅಳೆದು ಬರೆಯಬೇಕು. ಇಂಗ್ಲಿಷಿನ ಪಟ್ಟಿಯನ್ನು ಅವಳೇ ಕನ್ನಡಕ್ಕೆ ಮಾಡಿಕೊಂಡು ಬಂದಿದ್ದಳು. ನೀರು ಎಂದಳು, ಅಮ್ಮಿ ಟ್ಯಾಂಕರ್ ಎಂದರು. ಹಸಿರು ಎಂದಳು, ಮೆಣಸಿನಕಾಯಿ ಎಂದರು. ಬಾಗಿಲು ಎಂದರೆ ಚಿಲಕ. ಹಾಲು ಎಂದಾಗ ಅಮ್ಮಿ ಏನೂ ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಮಾತಾಡಿದರು, ಆದರೆ ಕನ್ನಡದಲ್ಲಲ್ಲ. ನಮ್ಮ ಮನೆಮಾತು ದಖನಿ. ಬೀದಿಯ ಕನ್ನಡ ಅವರಿಗೆ ಚೆನ್ನಾಗಿ ಬರುತ್ತದಾದರೂ ಅವರ ದುಃಖಕ್ಕೆ ಆ ಭಾಷೆ ಬಳಕೆಯಿಲ್ಲ. ನನಗಿಂತ ಮೊದಲು ಅವರಿಗೆ ಒಂದು ಹೆಣ್ಣುಮಗು ಹುಟ್ಟಿತ್ತಂತೆ. ಬಾಣಂತನದ ನಲವತ್ತು ದಿನ ತುಂಬುವ ಮೊದಲೇ ತೀರಿಕೊಂಡಿತು. ಮಗು ಹೋದ ಮೇಲೂ ಎದೆಹಾಲು ನಿಲ್ಲಲಿಲ್ಲ. ಯಾರಿಗೂ ಕಾಣದಂತೆ ಹಿತ್ತಲಿಗೆ ಹೋಗಿ ನುಗ್ಗೆಗಿಡದ ಬುಡಕ್ಕೆ ಹಿಂಡಿ ಬರುತ್ತಿದ್ದರಂತೆ. ನನಗೊಬ್ಬಳು ಅಕ್ಕ ಇದ್ದಳೆಂಬುದು ನನಗೆ ಗೊತ್ತಾದದ್ದು ಹೀಗೆ, ಐವತ್ತೆರಡನೆಯ ವಯಸ್ಸಿನಲ್ಲಿ, ಒಬ್ಬ ವಿದ್ಯಾರ್ಥಿನಿಯ ಹೋಂವರ್ಕಿನ ನಡುವೆ. ಹುಡುಗಿಗೆ ದಖನಿ ಬಾರದು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತರುತ್ತಿದ್ದೆ, ನುಗ್ಗೆಗಿಡದ ಹತ್ತಿರ ಬಂದಾಗ ನನ್ನಿಂದ ಆಗಲಿಲ್ಲ. ಮೇಜಿನ ಮೇಲೆ ಸ್ಟಾಪ್‌ವಾಚು ಇನ್ನೂ ಓಡುತ್ತಿತ್ತು.

ಅಂದು ರಾತ್ರಿ ಹುಡುಗಿ ಮತ್ತೆ ಬಂದು ಬಾಗಿಲಲ್ಲೇ ನಿಂತು ಕೇಳಿದಳು: "ಅಂಕಲ್, ಅಜ್ಜಿ ಅತ್ತದ್ದನ್ನ ರೆಕಾರ್ಡಲ್ಲಿ ಬರೀಬಹುದಾ? ಬರೆದರೆ ನನಗೆ ಒಳ್ಳೆ ಮಾರ್ಕ್ಸ್ ಬರುತ್ತೆ. ಅದಕ್ಕೇ ಕೇಳೋಕೆ ಒಂಥರಾ ಆಗ್ತಿದೆ."

ನಾನು ಕೂಡಲೇ ಉತ್ತರ ಕೊಡಲಿಲ್ಲ. ಹುಡುಗಿಯ ಪ್ರಾಮಾಣಿಕತೆ ನನ್ನನ್ನು ಕಟ್ಟಿಹಾಕಿತ್ತು. ಇನ್ನೊಬ್ಬರ ನೋವನ್ನು ಗುಣಪಡಿಸುವ ವಿದ್ಯೆಯನ್ನು ಇನ್ನೊಬ್ಬರ ನೋವಿನ ಮೇಲೆಯೇ ಕಲಿಯಬೇಕು. ಬಡಗಿ ಹಾಳು ಹಲಗೆಯ ಮೇಲೆ ಉಳಿ ಹಿಡಿಯುವುದನ್ನು ಕಲಿಯುತ್ತಾನೆ, ಹಲಗೆಗೆ ನೋಯುವುದಿಲ್ಲ. ಮನಸ್ಸಿನ ವೈದ್ಯ ಕಲಿಯುವುದಕ್ಕೆ ಅಂಥ ಹಾಳು ಹಲಗೆ ಎಲ್ಲಿದೆ?

ಮನಶ್ಶಾಸ್ತ್ರ ಪ್ರಯೋಗಾಲಯದ ವಿದ್ಯೆಯಾದದ್ದು 1879ರಲ್ಲಿ, ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ತನ್ನ ಪ್ರಯೋಗಶಾಲೆ ತೆರೆದಾಗ ಎನ್ನುತ್ತಾರೆ. ಅಲ್ಲಿನ ಒಂದು ಪದ್ಧತಿ ನನಗೆ ಬಹಳ ಹಿಡಿಸಿತು. ಪ್ರಯೋಗ ಮಾಡುವವರೂ ಪ್ರಯೋಗಕ್ಕೆ ಕೂರುವವರೂ ಹೆಚ್ಚಾಗಿ ಅವರೇ ಆಗಿರುತ್ತಿದ್ದರು. ಇಂದು ಗಡಿಯಾರ ಹಿಡಿದ ವಿದ್ಯಾರ್ಥಿ ನಾಳೆ ಸ್ಟೂಲಿನ ಮೇಲೆ ಕೂರುತ್ತಿದ್ದ. ಕೆಲವೊಮ್ಮೆ ಗುರುವೇ ಕೂರುತ್ತಿದ್ದರು. ಸ್ಟೂಲು ಕಾಯಂ ಆಗಿ ಬೇರೆಯವರ ಪಾಲಾದದ್ದು ಆಮೇಲೆ. ಫ್ರಾಯ್ಡನ ಪರಂಪರೆಯವರು 1920ರ ದಶಕದಲ್ಲಿ ಇದನ್ನು ಬೇರೆ ಬಗೆಯಲ್ಲಿ ಉಳಿಸಿಕೊಂಡರು. ವಿಶ್ಲೇಷಕನಾಗಬೇಕಾದವನು ಮೊದಲು ತಾನೇ ಇನ್ನೊಬ್ಬ ವಿಶ್ಲೇಷಕನ ಮುಂದೆ ಮಲಗಿ ತನ್ನ ಮನಸ್ಸನ್ನು ಬಿಚ್ಚಬೇಕು ಎಂದು ನಿಯಮ ಮಾಡಿದರು. ಫ್ರಾಯ್ಡನ ಸಿದ್ಧಾಂತಗಳಲ್ಲಿ ನನಗೆ ಅಂಥ ನಂಬಿಕೆಯೇನಿಲ್ಲ. ಆದರೆ ಈ ಒಂದು ನಿಯಮದಲ್ಲಿ ನ್ಯಾಯವಿದೆ ಎನಿಸುತ್ತದೆ.

ನಮ್ಮ ಕಡೆ ಈ ವಿದ್ಯೆ ಬಂದದ್ದು ಮೈಸೂರಿನ ದಾರಿಯಲ್ಲಿ. ಬ್ರಜೇಂದ್ರನಾಥ ಸೀಲ್ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ, 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾಯಿತು. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಅವರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ ಅದನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬರಲು ಕಾರಣರಾದವರೂ ಇವರೇ. ಮನಸ್ಸನ್ನು ಓದುವ ಪ್ರೊಫೆಸರೊಬ್ಬರು ಜನರ ಕಿವಿಗೂ ಏನಾದರೂ ತಲುಪಿಸಬೇಕು ಎಂದುಕೊಂಡದ್ದು ಸಣ್ಣ ಸಂಗತಿಯಲ್ಲ. ಈಗಿನ ಪ್ರೊಫೆಸರುಗಳಿಗೆ ಸೆಮಿನಾರು ಮುಗಿಸುವುದೇ ಸಾಕುಬೇಕಾಗಿದೆ, ಅದು ಬೇರೆ ಮಾತು.

ಆಸ್ಪತ್ರೆಯ ಒಳಗಿನ ತರಬೇತಿ ಬೆಂಗಳೂರಿನದು. ಉತ್ತರಹಳ್ಳಿಯಿಂದ ಬನಶಂಕರಿ, ಜಯನಗರ ದಾಟಿ ಹೊಸೂರು ರಸ್ತೆಗೆ ಹೋದರೆ ನಿಮ್ಹಾನ್ಸ್ ಸಿಗುತ್ತದೆ. ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಮರುವರ್ಷದಿಂದಲೇ ಅಲ್ಲಿ ಮನಶ್ಶಾಸ್ತ್ರಜ್ಞರಿಗೆ ಆಸ್ಪತ್ರೆಯ ತರಬೇತಿ ಶುರುವಾಯಿತು. ಆಸ್ಪತ್ರೆಯೂ ಸಂಸ್ಥೆಯೂ 1974ರ ಡಿಸೆಂಬರಿನಲ್ಲಿ ಸೇರಿ ನಿಮ್ಹಾನ್ಸ್ ಆದವು. ಬೆಂಗಳೂರಿನಲ್ಲಿ ಯಾರನ್ನಾದರೂ ಹಂಗಿಸಬೇಕಾದರೆ "ನಿಮ್ಹಾನ್ಸ್‌ಗೆ ಹೋಗು" ಅನ್ನುವ ರೂಢಿ ಇದೆ. ಹಾಗೆ ಹಂಗಿಸುವವರ ಮನೆಯಲ್ಲೂ ಒಬ್ಬರಲ್ಲ ಒಬ್ಬರು ಅಲ್ಲಿ ಚೀಟಿ ಮಾಡಿಸಿಯೇ ಇರುತ್ತಾರೆ.

ಎಂ.ಎಸ್ಸಿ. ಆದ ಮೇಲೆ ಎರಡು ವರ್ಷ ಪೂರ್ಣಾವಧಿ, ಹಿರಿಯರ ಮೇಲ್ವಿಚಾರಣೆಯಲ್ಲಿ, ರೋಗಿಗಳ ನಡುವೆ ಕೆಲಸ ಮಾಡಿ ಎಂ.ಫಿಲ್. ಪಡೆದವರನ್ನು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಒಪ್ಪುತ್ತದೆ. ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಸಂಸ್ಥೆಯಲ್ಲಿ ಕಲಿತಿರಬೇಕು ಎಂಬುದೂ ಉಂಟು. ಎಂ.ಫಿಲ್. ಎಂಬ ಪದವಿಯನ್ನೇ ಯುಜಿಸಿ 2022ರಲ್ಲಿ ನಿಲ್ಲಿಸಿ, ಈ ವಿಷಯಕ್ಕೆ 2025-26ರ ಸಾಲಿನವರೆಗೆ ಪ್ರವೇಶಕ್ಕೆ ಅವಕಾಶ ಕೊಟ್ಟಿತು. ದೂರಶಿಕ್ಷಣದಲ್ಲಿ ಮನಶ್ಶಾಸ್ತ್ರ ಕಲಿಸುವುದನ್ನು 2025ರಲ್ಲಿ ಬೇಡವೆಂದಿತು. ಈ ಕೊನೆಯ ತೀರ್ಮಾನ ಎಷ್ಟೋ ಮಂದಿಗೆ, ಅದರಲ್ಲೂ ಮನೆಯಲ್ಲಿದ್ದುಕೊಂಡೇ ಓದಬೇಕಾದ ಹೆಣ್ಣುಮಕ್ಕಳಿಗೆ ಕಷ್ಟ ತಂದಿದೆ. ಆದರೂ ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬರುತ್ತಿಲ್ಲ. ಅಳುವ ಒಬ್ಬ ಮನುಷ್ಯನ ಎದುರು ಒಮ್ಮೆಯೂ ಕೂರದೆ, ಅಂಚೆಯಲ್ಲಿ ಬಂದ ಪುಸ್ತಕ ಓದಿ ಕೌನ್ಸೆಲಿಂಗ್ ಎಂದು ಬೋರ್ಡು ಹಾಕಿಕೊಳ್ಳುವುದು ಸರಿಯಲ್ಲ.

ಹಾಗಾದರೆ ಅಳುವವರ ಎದುರು ಕೂರಲೇಬೇಕು. ಯಾರ ಎದುರು?

ಅರಬಿಯಲ್ಲಿ ಒಂದು ಗಾದೆ ಇದೆ, ಅನಾಥ ಮಕ್ಕಳ ತಲೆಯ ಮೇಲೆ ಕ್ಷೌರ ಕಲಿಯುವವನ ಬಗ್ಗೆ. ಕತ್ತಿ ತಾಗಿದರೂ ಕೇಳಲು ಆ ಮಕ್ಕಳಿಗೆ ಹಿಂದುಮುಂದಿಲ್ಲ. ಸರ್ಕಾರಿ ಆಸ್ಪತ್ರೆಗಳ ಜನರಲ್ ವಾರ್ಡು ನೆನೆದಾಗೆಲ್ಲ ಈ ಗಾದೆ ನನ್ನನ್ನು ಚುಚ್ಚುತ್ತದೆ. ಕೈ ಪಳಗುವವರೆಗೆ ಬಡವರ ಎದುರು, ಪಳಗಿದ ಮೇಲೆ ಗಂಟೆಗೆ ಸಾವಿರಾರು ರೂಪಾಯಿ ಕೊಡಬಲ್ಲವರ ಎದುರು ಕೂರುವುದು ಅನೇಕರ ವೃತ್ತಿಜೀವನದ ನಕ್ಷೆ. ಎಳಸು ಬಡವನಿಗೆ, ಮಾಗಿದ್ದು ಉಳ್ಳವನಿಗೆ.

ಹಲವು ವರ್ಷಗಳ ಹಿಂದೆ ನನ್ನ ಚಿಕ್ಕಪ್ಪನನ್ನು ಒಂದು ಆಸ್ಪತ್ರೆಗೆ ಸೇರಿಸಿದ್ದೆವು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಬೇಡ. ಒಂದು ಬೆಳಿಗ್ಗೆ ಅವರನ್ನು ದೊಡ್ಡ ಕೋಣೆಗೆ ಕರೆದೊಯ್ದು ಕುರ್ಚಿಯಲ್ಲಿ ಕೂರಿಸಿ, ಹತ್ತು ಹನ್ನೆರಡು ವಿದ್ಯಾರ್ಥಿಗಳ ಮುಂದೆ ಪ್ರಶ್ನೆ ಕೇಳಿದರು. ಮದುವೆ ಮುರಿದದ್ದು, ಅಂಗಡಿ ಮುಳುಗಿದ್ದು, ಕಿವಿಯಲ್ಲಿ ಕೇಳುವ ಧ್ವನಿ, ಎಲ್ಲವನ್ನೂ ಹೇಳಿಸಿದರು. ಕೊನೆಗೆ ಇಂಗ್ಲಿಷಿನಲ್ಲಿ ಏನೋ ಚರ್ಚೆ ನಡೆಯಿತು, ಯಾರೋ ನಕ್ಕರು. ಬಹುಶಃ ಅವರ ಬಗ್ಗೆ ನಕ್ಕದ್ದಲ್ಲ. ಆದರೆ ಸಂಜೆ ಚಾಚಾ ನನ್ನ ಕೈ ಹಿಡಿದು, "ಇವತ್ತು ನನ್ನನ್ನ ಹುಡುಗರಿಗೆ ಪಾಠ ಮಾಡಿದ್ರು ಬೇಟಾ" ಎಂದರು. ಆ ವಾಕ್ಯದಲ್ಲಿ ಅವರೇ ಕರಿಹಲಗೆಯಾಗಿದ್ದರು. ಅವರ ಒಪ್ಪಿಗೆ ಕೇಳಿದ್ದರೇ? ಕೇಳಿದ್ದರು. ಬೆಳಿಗ್ಗೆ ಆರರಿಂದ ಸಾಲಿನಲ್ಲಿ ನಿಂತು ಹಾಸಿಗೆ ಗಿಟ್ಟಿಸಿಕೊಂಡ ಮನುಷ್ಯ, "ಸ್ಟೂಡೆಂಟ್ಸ್ ಬರ್ತಾರೆ, ಪರವಾಗಿಲ್ವಾ?" ಎಂದು ಡಾಕ್ಟರು ಕೇಳಿದರೆ ಏನು ಹೇಳಿಯಾನು? ಬೇಡ ಎಂದರೆ ಹಾಸಿಗೆ ಹೋದೀತು ಎಂಬ ಭಯ ಇರುವ ತನಕ ಆಯಿತು ಎನ್ನುವುದಕ್ಕೆ ಬೆಲೆ ಇಲ್ಲ.

ಇಷ್ಟು ಹೇಳಿದ ಮೇಲೆ ಎದುರು ಮಾತನ್ನೂ ಹೇಳಬೇಕು, ಅದೂ ಅದೇ ಚಾಚಾನ ವಿಷಯದಲ್ಲೇ. ಹಿರಿಯ ಡಾಕ್ಟರು ರೌಂಡ್ಸಿಗೆ ಬಂದಾಗ ಅವರಿಗೆ ಸಿಗುತ್ತಿದ್ದದ್ದು ಮೂರು ನಾಲ್ಕು ನಿಮಿಷ. ಆದರೆ ತರಬೇತಿಯಲ್ಲಿದ್ದ ಒಬ್ಬ ಹುಡುಗ ದಿನವೂ ಮಧ್ಯಾಹ್ನ ಬಂದು ಗಂಟೆಗಟ್ಟಲೆ ಕೂರುತ್ತಿದ್ದ. ಅವನಿಗೆ ಅರೆಬರೆ ಕನ್ನಡ ಬರುತ್ತಿತ್ತು, ತಪ್ಪು ಪ್ರಶ್ನೆ ಕೇಳಿ ತಾನೇ ನಾಚಿಕೊಳ್ಳುತ್ತಿದ್ದ. ಡಿಸ್ಚಾರ್ಜ್ ಆದ ಮೇಲೆ ಚಾಚಾ ನೆನೆಯುತ್ತಿದ್ದದ್ದು ಅವನನ್ನೇ. ಗೊತ್ತಿಲ್ಲದವನು ಕೇಳುತ್ತಾನೆ, ಗೊತ್ತಿರುವವನು ಬರೆದುಕೊಡುತ್ತಾನೆ ಎಂಬುದು ಅವರ ಲೆಕ್ಕವಾಗಿತ್ತು. ಹಾಗಾಗಿ ಕಲಿಯುವವರನ್ನು ವಾರ್ಡಿನಿಂದ ಓಡಿಸಿದರೆ ಬಡವನಿಗೆ ಪಳಗಿದ ತಜ್ಞ ಸಿಕ್ಕಿಬಿಡುತ್ತಾನೆ ಎಂದು ತಿಳಿಯಬೇಕಾಗಿಲ್ಲ. ಇದ್ದ ಒಬ್ಬ ಕೇಳುಗನೂ ಹೋಗುತ್ತಾನೆ ಅಷ್ಟೆ.

ನನಗೆ ಕಾಣುವಂತೆ ತಪ್ಪು ಕಲಿಯುವುದರಲ್ಲಿಲ್ಲ, ಕಲಿಯುತ್ತಿರುವುದನ್ನು ಮರೆಮಾಚುವುದರಲ್ಲಿದೆ. ಬಿಳಿ ಕೋಟು ಹಾಕಿಕೊಂಡವರೆಲ್ಲ ರೋಗಿಯ ಕಣ್ಣಿಗೆ ಡಾಕ್ಟರೇ. ಆ ತಿಳಿವಳಿಕೆಯನ್ನು ತಿದ್ದದೆ ಬಿಟ್ಟರೆ ಅದು ಸುಳ್ಳೇ. "ನಾನು ಇನ್ನೂ ಕಲೀತಾ ಇದೀನಿ, ನನ್ನ ಹಿಂದೆ ನನ್ನ ಮೇಡಂ ಇದಾರೆ, ನಿಮಗೆ ಬೇಡ ಅನಿಸಿದರೆ ಹೇಳಿ, ನಿಮ್ಮ ಔಷಧಿಗೆ ಏನೂ ತೊಂದರೆ ಆಗಲ್ಲ" ಎಂದು ಹೇಳಲು ಅರ್ಧ ನಿಮಿಷ ಬೇಕು. ಹೀಗೆ ಹೇಳಿಸಿಕೊಂಡ ಬಡವ ಕಲಿಸುವವನೂ ಆಗುತ್ತಾನೆ. ಚಾಚಾನಂಥವರಿಗೆ ಆ ಗೌರವ ಸಿಕ್ಕಿದ್ದರೆ, ಅವರು ಆ ಹುಡುಗರಿಗೆ ಪಾಠ ಮಾಡಿ ಬಂದೆ ಎಂದೇ ಹೇಳುತ್ತಿದ್ದರೇನೋ.

ಇನ್ನು ಭಾಷೆ. ನಮ್ಮ ಹುಡುಗಿಯ ಪಠ್ಯ ಪೂರ್ತಿ ಇಂಗ್ಲಿಷು. ಅಮ್ಮಿಯ ಮಾತು ದಖನಿಯಿಂದ ನನ್ನ ಬಾಯಲ್ಲಿ ಕನ್ನಡವಾಗಿ, ಅವಳ ಪೆನ್ನಿನಲ್ಲಿ ಇಂಗ್ಲಿಷಾಗಬೇಕು. ಮೂರನೆಯ ಮನೆಗೆ ಹೋಗುವ ಹೊತ್ತಿಗೆ ನುಗ್ಗೆಗಿಡ ಉಳಿದೀತೇ? "ಮನಸ್ಸಿಗೆ ಬೇಜಾರು", "ಎದೆ ಭಾರ", "ದಿಲ್ ಘಬರಾತಾ" ಎನ್ನುವುದೆಲ್ಲ ರೆಕಾರ್ಡಿನಲ್ಲಿ ಒಂದೇ ಪದವಾಗುತ್ತದೆ. ಕನ್ನಡದಲ್ಲಿ ಈ ಕೆಲಸ ಆಗಿಲ್ಲವೆಂದಲ್ಲ. ರಾಶಿ ಎಂದೇ ಹೆಸರಾದ ಡಾ. ಎಂ. ಶಿವರಾಂ ಅವರ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಬರೆದ ಕನ್ನಡ ಪುಸ್ತಕಗಳನ್ನು ನಾಡಿನ ತುಂಬ ಜನ ಓದಿದ್ದಾರೆ. ಆದರೆ ತರಗತಿಯ ಬಾಗಿಲಲ್ಲಿ ಈ ಕನ್ನಡಕ್ಕೆ ಒಳಗೆ ಕರೆ ಇಲ್ಲ. ರೋಗಿಯ ಭಾಷೆ ಕಲಿಯುವುದು ತರಬೇತಿಯ ಭಾಗವಾಗಬೇಕು ಎನ್ನುವುದು ನನಗೆ ಕನ್ನಡಾಭಿಮಾನದ ಪ್ರಶ್ನೆಯಲ್ಲ. ಅವನಿಂದ ಪಡೆದ ಸಾಲ ತೀರಿಸುವ ಪ್ರಶ್ನೆ.

ಸಾಲ ಎಂದೆ. ಅದಕ್ಕಿಂತ ಹತ್ತಿರದ ಪದ ಅಮಾನತ್. ಪತ್ರಿಕೆಗಳ ಕನ್ನಡದಲ್ಲಿ ಅಮಾನತು ಎಂದರೆ ನೌಕರನೊಬ್ಬನ ಕೆಲಸ ತಡೆಹಿಡಿಯುವುದು ಎಂದಾಗಿಬಿಟ್ಟಿದೆ. ಮೂಲದಲ್ಲಿ ಅದು ನಂಬಿ ಒಪ್ಪಿಸಿದ ವಸ್ತು. ಒಡವೆ ಕೊಟ್ಟವರು ವಾಪಸು ಕೇಳಿದ ದಿನ ಅದು ಹಾಗೇ ಇರಬೇಕು. ಕೇಳಿಸಿಕೊಂಡ ದುಃಖವೂ ಅಂಥದೇ. ಹೀಗೆ ಕೇಳಿಸಿಕೊಂಡದ್ದನ್ನು ಗುಟ್ಟಾಗಿಡಬೇಕೆಂದು 2017ರ ಕಾಯ್ದೆಯೂ ಹೇಳುತ್ತದೆ, ಹುಡುಗಿಯ ಕಾಲೇಜೂ ಹೇಳುತ್ತದೆ. ಹೆಸರು ಬರೆಯಬಾರದು, ಊರು ಬರೆಯಬಾರದು.

ಇದನ್ನೆಲ್ಲ ಯೋಚಿಸಿ ಮರುದಿನ ನಾನು ಹುಡುಗಿಗೆ ಹೇಳಿದೆ: ನನ್ನನ್ನು ಕೇಳಿದರೆ ಪ್ರಯೋಜನವಿಲ್ಲ, ದುಃಖ ನನ್ನದಲ್ಲ, ಅಜ್ಜಿಯನ್ನೇ ಕೇಳು. ಅವಳು ಅಮ್ಮಿಯ ಪಕ್ಕ ಕೂತು ಎಲ್ಲ ಬಿಡಿಸಿ ಹೇಳಿದಳು. ತಾನು ವಿದ್ಯಾರ್ಥಿನಿ, ಇದು ಮಾರ್ಕ್ಸಿಗಾಗಿ, ಅತ್ತದ್ದನ್ನು ಬಿಟ್ಟೂ ಬರೆಯಬಹುದು, ಬರೆದರೂ ಯಾರ ಹೆಸರೂ ಇರುವುದಿಲ್ಲ ಎಂದಳು. ಅಮ್ಮಿ ಬೇಡ ಎನ್ನುತ್ತಾರೆ ಎಂದೇ ನಾನು ಎಣಿಸಿದ್ದೆ. ಅವರು ಕೊನೆಯ ಮಾತನ್ನು ಮಾತ್ರ ಹಿಡಿದುಕೊಂಡರು.

"ಹೆಸರು ಯಾಕೆ ಬರಿಯಲ್ಲ?"

ನಿಯಮ ಅಜ್ಜಿ, ನಿಮ್ಮ ಒಳ್ಳೆಯದಕ್ಕೇ ಎಂದಳು ಹುಡುಗಿ.

"ನನ್ನ ಹೆಸರು ಬೇಡ. ಆ ಮಗೂದು ಬರಿ. ಎಲ್ಲೂ ಬರೆದಿಲ್ಲ ಅದನ್ನ."

ನಿಜ. ಜನನದ ಸರ್ಟಿಫಿಕೇಟಿಲ್ಲ, ಗೋರಿಗೆ ಕಲ್ಲಿಲ್ಲ, ರೇಷನ್ ಕಾರ್ಡಿಗೆ ಸೇರುವಷ್ಟು ದಿನ ಅವಳು ಬದುಕಲಿಲ್ಲ. ಹೆಸರು ಮುಚ್ಚಿಡುವ ನಿಯಮ ನನ್ನ ಚಾಚಾನಂಥವರನ್ನು ಕಾಯುತ್ತದೆ, ನಾನದನ್ನು ಇಂದಿಗೂ ಒಪ್ಪುತ್ತೇನೆ. ಅದೇ ನಿಯಮ ಅಮ್ಮಿಗೆ ಎರಡನೆಯ ಸಲ ಅಳಿಸಿದ ಹಾಗೆ ಕಂಡಿತು. ಹುಡುಗಿ ನನ್ನ ಮುಖ ನೋಡಿದಳು. ನನ್ನ ಬಳಿ ಉತ್ತರ ಇರಲಿಲ್ಲ. ಅವಳ ಮೇಡಂ ಬಳಿಯಾದರೂ ಇರಬಹುದು ಎಂದು ಕೇಳಿಕೊಂಡು ಬರಲು ಹೇಳಿದೆ. ಮೇಡಂ ಬಹಳ ಹೊತ್ತು ಯೋಚಿಸಿ, ರೆಕಾರ್ಡಿನಲ್ಲಿ ಆಗುವುದಿಲ್ಲ ಎಂದರಂತೆ.

ರೆಕಾರ್ಡಿನಲ್ಲಿ ಈಗ ಅಮ್ಮಿ ಒಂದು ಇಂಗ್ಲಿಷ್ ಅಕ್ಷರ, ಒಂದು ವಯಸ್ಸು, 'ಹಾಲು' ಎಂಬ ಪದದ ಮುಂದೆ ಒಂದು ಗೆರೆ. ಅಳುವಿನ ಬಗ್ಗೆ ಎರಡು ಸಾಲು ಇದೆ, ಅಮ್ಮಿ ಒಪ್ಪಿದ್ದರಿಂದ. ಅದನ್ನು ಸಲ್ಲಿಸಿದ ಸಂಜೆ ಹುಡುಗಿ ಒಂದು ಬಿಳಿ ಹಾಳೆಯ ಚೂರಿನಲ್ಲಿ ಆ ಮಗುವಿನ ಹೆಸರನ್ನು ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ತಂದು ಕೊಟ್ಟಳು. ಅಮ್ಮಿಗೆ ಕನ್ನಡ ಓದಲು ಬರುವುದಿಲ್ಲ. ಯಾವ ಕಡೆ ಮೇಲೆ ಎಂದು ಕೇಳಿ ತಿಳಿದುಕೊಂಡು, ನಾಲ್ಕು ಮಡಿಕೆ ಮಾಡಿ, ಎಲೆಅಡಿಕೆ ಡಬ್ಬಿಯ ತಳದಲ್ಲಿ ಇಟ್ಟುಕೊಂಡರು.