ಹಾಡಿನಲ್ಲಿ ನಗೆ

ಹೊತ್ತು ಮುಳುಗಿದ ಮೇಲೆ ಸುರೇಬಾನದಂಥ ಊರಿನ ಕಟ್ಟೆಯ ಮೇಲೆ ನಾಲ್ಕು ಜನ ಕೂಡಿದಲ್ಲಿ, ಮಳೆ-ಬೆಳೆಯ ಮಾತು ತೀರಿದ ಬಳಿಕ ಹಾಡಿನ ಮಾತು ಹೊರಡುವದುಂಟು. ಈಗೀಗ ಯಾವ ಹಾಡು ಕೇಳುತ್ತಿರುವಿರಿ ಎಂದು ಒಬ್ಬರು ಮತ್ತೊಬ್ಬರನ್ನು ವಿಚಾರಿಸುವರು. ಹಿರಿಯರು ಭೀಮಸೇನ ಜೋಶಿಯವರ ದಾಸರ ಪದವನ್ನೋ ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನವನ್ನೋ ಹೆಸರಿಸುವರು. ಕಾಲೇಜಿನ ಹುಡುಗರು ಯಾವದೋ ಪರದೇಶದ ವಾದ್ಯಮೇಳದ ಹೆಸರನ್ನು ಗಾಂಭೀರ್ಯದಿಂದ ಉಚ್ಚರಿಸುವರು. ಆದರೆ ಅವರವರ ಕಿಸೆಯೊಳಗಿನ ಮೊಬೈಲನ್ನು ಸಾಕ್ಷಿಗೆ ಕರೆದರೆ ಅದು ಬೇರೆಯೇ ನುಡಿಯುವದು. ನಿನ್ನೆ ರಾತ್ರಿ ಎರಡು ಸಲ ಕೇಳಿ ಒಬ್ಬರೇ ನಕ್ಕ ಹಾಡಿನ ಹೆಸರನ್ನು ಯಾರೂ ಹೇಳುವದಿಲ್ಲ. ನಗಿಸುವ ಹಾಡನ್ನು ಮೆಚ್ಚಿದೆನೆಂದು ಒಪ್ಪುವದರಲ್ಲಿ ಏನೋ ಒಂದು ಸಂಕೋಚವಿದೆ. ಈ ಸಂಕೋಚವು ಯೋಗ್ಯವೋ ಅಯೋಗ್ಯವೋ ಎಂಬದು ವಿಚಾರಿಸತಕ್ಕ ಸಂಗತಿಯಾಗಿದೆ.

ಅಮೇರಿಕೆಯ ರಾಕ್ ಸಂಗೀತಗಾರನಾದ ಫ್ರ್ಯಾಂಕ್ ಝಾಪಾ ಎಂಬವನು 1986ರಲ್ಲಿ ಹೊರತಂದ ತನ್ನ ಧ್ವನಿಮುದ್ರಿಕೆಗೆ, ಸಂಗೀತದಲ್ಲಿ ಹಾಸ್ಯಕ್ಕೆ ಎಡೆಯುಂಟೇ ಎಂಬ ಅರ್ಥದ ಪ್ರಶ್ನೆಯನ್ನೇ ಹೆಸರಾಗಿ ಇಟ್ಟನು. ವಾದನದಲ್ಲಿ ಅತ್ಯಂತ ನಿಪುಣನಾದ ಅವನೂ ಈ ಪ್ರಶ್ನೆಯನ್ನು ಕೇಳಬೇಕಾಯಿತೆಂದ ಮೇಲೆ ಸಂಕೋಚವು ನಮ್ಮ ಕಟ್ಟೆಗೆ ಮಾತ್ರ ಸೇರಿದ್ದಲ್ಲವೆಂದಾಯಿತು. ಆದರೆ ಈ ಪ್ರಶ್ನೆಗೆ ಉತ್ತರವನ್ನು ಹುಡುಕಲು ಅಷ್ಟು ದೂರ ಹೋಗಬೇಕಾದ ಕಾರಣವಿಲ್ಲ. ಶಿಶುನಾಳದ ವರೆಗೆ ಹೋದರೆ ಸಾಕು.

ಶರೀಫ ಸಾಹೇಬರು 1819ರಲ್ಲಿ ಹುಟ್ಟಿ 1889ರಲ್ಲಿ ದೇಹವಿಟ್ಟರು. ಗೋವಿಂದಭಟ್ಟರ ಶಿಷ್ಯರಾಗಿ ಅವರು ಹಾಡಿದ ತತ್ತ್ವಪದಗಳು ಬಹುಕಾಲ ಭಜನೆಯ ಮೇಳಗಳಲ್ಲಿ ಉಳಿದವು, ಬಳಿಕ ಸಿ. ಅಶ್ವತ್ಥರ ಕಂಠದಿಂದಲೂ, 1990ರಲ್ಲಿ ನಾಗಾಭರಣರು ತೆಗೆದ ಚಲನಚಿತ್ರದಿಂದಲೂ ಮನೆಮನೆಗೆ ಬಂದವು. 2008ರಲ್ಲಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ತಮ್ಮ ಮೊದಲನೆಯ ಧ್ವನಿಮುದ್ರಿಕೆಯಾದ 'ಅಂತರಾಗ್ನಿ'ಯಲ್ಲಿ ಶರೀಫರ ಗುಡುಗುಡಿಯ ಪದವನ್ನು ಗಿಟಾರ ಮತ್ತು ಡ್ರಮ್ಮುಗಳ ಮೇಲೆ ಏರಿಸಿದರು. ಅಲ್ಲಿಂದ ಕಟ್ಟೆಯ ಮೇಲೆ ಎರಡು ಪಕ್ಷಗಳಾದವು. ತಂಬೂರಿ-ತಾಳಗಳ ಜೊತೆಗೆ ಕಣ್ಣು ಮುಚ್ಚಿ ಕೇಳತಕ್ಕ ಪದವನ್ನು ಈ ಹುಡುಗರು ನಗುತ್ತ ಕುಣಿಯುತ್ತ ಕೇಳುವರಲ್ಲಾ, ಇದು ಸಂತರ ಅಪಹಾಸ್ಯವಲ್ಲವೇ ಎಂಬದು ಹಿರಿಯರ ಆಕ್ಷೇಪ.

ಆಕ್ಷೇಪವು ಭಕ್ತಿಯಿಂದ ಹುಟ್ಟಿದ್ದು, ಅಲ್ಲಗಳೆಯುವಂಥದಲ್ಲ. ಆದರೂ ಆ ಪದದಲ್ಲಿ ಏನಿದೆಯೆಂಬದನ್ನು ಹಿರಿಯರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಶರೀಫರು ಅಲ್ಲಿ ಕಮಂಡಲವನ್ನಾಗಲಿ ಜಪಮಾಲೆಯನ್ನಾಗಲಿ ಉಪಮಾನವಾಗಿ ಆರಿಸಿಕೊಳ್ಳಲಿಲ್ಲ. ಸೇದುವವರ ಕೈಯೊಳಗಿನ ಗುಡುಗುಡಿಯನ್ನೇ ಆರಿಸಿಕೊಂಡರು. ಮನಸ್ಸು ಸಂಚಿಯಾಯಿತು, ಬುದ್ಧಿಯು ಚಿಲುಮೆಯ ಬೆಂಕಿಯಾಯಿತು, ಒಡಲೊಳಗಿನ ರೋಗವನ್ನು ಹೊರಗೆ ಹಾಕಲು ಸೇದಿ ನೋಡೆಂದು ಕರೆಯಾಯಿತು. ಇದನ್ನು ಮೊದಲ ಸಲ ಕೇಳಿದ ಒಕ್ಕಲಿಗನು ನಗದೆ ಹೇಗೆ ಇದ್ದಾನು? ಕೋಳಿಯು ಕೋಡಗವನ್ನು ನುಂಗಿದ ಕಥೆಯನ್ನು ಹೇಳುವ ಪದದಲ್ಲಿಯೂ ಹೀಗೆಯೇ. ನಗೆಯು ಗಿಟಾರದೊಡನೆ ಬಂದದ್ದಲ್ಲ, ಅದು ಪದದಲ್ಲಿ ಮೊದಲೇ ಇತ್ತು. ಹಲವು ವರ್ಷ ಭಕ್ತಿಯಿಂದ ಕೇಳಿ ಕೇಳಿ ಹಿರಿಯರ ಕಿವಿಗೆ ಅದು ಸವೆದುಹೋಗಿತ್ತೇ ಹೊರತು ಇಲ್ಲದೆ ಇರಲಿಲ್ಲ. ಹುಡುಗರ ಕಿವಿಯಲ್ಲಿ ಅದು ಮತ್ತೆ ಹೊಸದಾಯಿತು. ಅರ್ಥವು ಅವರಿಗೆ ತಿಳಿಯಿತೋ ಇಲ್ಲವೋ ಎಂದು ಕೇಳುವವರಿಗೆ, ಭಜನೆಯಲ್ಲಿ ಕಣ್ಣು ಮುಚ್ಚಿ ಕೂತವರೆಲ್ಲರಿಗೂ ತಿಳಿದಿತ್ತೇ ಎಂದು ಮರುಪ್ರಶ್ನೆ ಹಾಕಬಹುದು.

ಇನ್ನು ಶಾಸ್ತ್ರದ ಮಾತು. ಭರತಮುನಿಯು ಹೇಳಿದ ಎಂಟು ರಸಗಳಲ್ಲಿ ಹಾಸ್ಯವೂ ಒಂದು. ಅದಕ್ಕೆ ಬಿಳಿಯ ಬಣ್ಣವನ್ನೂ, ಪ್ರಮಥರನ್ನು ಅಧಿದೇವತೆಗಳನ್ನಾಗಿಯೂ ಕೊಟ್ಟನಲ್ಲದೆ, ಹಾಸ್ಯ ಶೃಂಗಾರಗಳೆರಡರಲ್ಲಿಯೂ ಮಧ್ಯಮ ಪಂಚಮ ಸ್ವರಗಳು ಪ್ರಧಾನವಾಗಿರಬೇಕೆಂದು ವಿಧಿಸಿದನು. ಸಂಗೀತದಲ್ಲಿ ಹಾಸ್ಯಕ್ಕೆ ಎಡೆಯೇ ಇಲ್ಲದಿದ್ದರೆ ಅದಕ್ಕೆ ಸ್ವರಗಳನ್ನು ಹಂಚಿಕೊಡುವ ಪ್ರಸಂಗವೆಲ್ಲಿ ಬರುತ್ತಿತ್ತು? ಸ್ಮಿತ, ಹಸಿತ ಮೊದಲಾಗಿ ನಗೆಯನ್ನು ಆರು ಬಗೆಯಾಗಿ ವಿಂಗಡಿಸಿ, ಹಲ್ಲು ಕಾಣದಂತೆ ನಗುವ ಸ್ಮಿತವನ್ನು ಉತ್ತಮರಿಗೂ, ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಂಡು ನಗುವ ಅತಿಹಸಿತವನ್ನು ಅಧಮರಿಗೂ ಅವನು ಹಚ್ಚಿರುವನೆಂಬದು ನಿಜವೇ. ಇದನ್ನು ಹಿಡಿದು ನಗುವ ಹುಡುಗರನ್ನು ಅಧಮರೆನ್ನುವ ಪಂಡಿತರೂ ಇಲ್ಲದಿಲ್ಲ. ಆದರೆ ಆ ವಿಭಾಗವು ರಂಗದ ಮೇಲಿನ ಪಾತ್ರಗಳ ಪ್ರಕೃತಿಯನ್ನು ಕುರಿತದ್ದು. ಕೇಳಲು ಬಂದವರನ್ನು ಅಳೆಯುವ ಕೋಲಲ್ಲ.

ಆದರೂ ಅದೇ ಗ್ರಂಥದ ಕೊನೆಯ ಭಾಗದಲ್ಲಿ ಒಂದು ಎಚ್ಚರಿಕೆಯ ಕಥೆ ಇದೆ. ಭರತನ ಪುತ್ರರು ವಿದ್ಯೆಯ ಮದದಿಂದ, ತುಂಬಿದ ಸಭೆಯಲ್ಲಿ ಋಷಿಗಳನ್ನು ಅಣಕಿಸುವ ಆಟವನ್ನಾಡಿ ತೋರಿಸಿದರು. ಋಷಿಗಳು ಸಿಟ್ಟಿಗೆದ್ದು ಶಾಪ ಕೊಟ್ಟರು. (ಕ್ರೋಧವನ್ನು ಗೆದ್ದವರು ಒಂದು ಅಣಕಕ್ಕೆ ಇಷ್ಟು ಕೆರಳಿದ್ದೂ ವಿಚಾರಾರ್ಹವೇ ಸರಿ.) ಇಲ್ಲಿ ತಪ್ಪು ನಗೆಯದೋ? ಹಾಗೆ ತೋರುವದಿಲ್ಲ. ಎದ್ದು ಬಂದು ಮರು ಅಣಕವಾಡಲಾರದವರನ್ನು, ಅವರಿಗೆ ಉತ್ತರದ ಸರದಿಯನ್ನು ಕೊಡದೆ, ತಮ್ಮ ಜಾಣತನದ ಪ್ರದರ್ಶನಕ್ಕಾಗಿ ನಗೆಗೆ ಗುರಿಮಾಡಿದ್ದು ತಪ್ಪು.

ಉತ್ತರದ ಸರದಿ ಎಂಬ ಈ ಮಾತನ್ನು ನಮ್ಮ ಭಾಗದ ಹರದೇಶಿ-ನಾಗೇಶಿ ಗೀಗೀ ಮೇಳಗಳನ್ನು ಕೇಳಿದವರು ಥಟ್ಟನೆ ತಿಳಿಯುವರು. ಒಂದು ಮೇಳವು ಗಂಡು ಹೆಚ್ಚೆಂದು ಹಾಡುವದು, ಇನ್ನೊಂದು ಹೆಣ್ಣು ಹೆಚ್ಚೆಂದು ಹಾಡುವದು. ದಪ್ಪು ತುಂತುಣಿಗಳ ನಡುವೆ ರಾತ್ರಿಯೆಲ್ಲ ಒಬ್ಬರನ್ನೊಬ್ಬರು ಜರೆಯುವರು. ಮಾತುಗಳು ಕೆಲವೊಮ್ಮೆ ಎಷ್ಟು ಹರಿತವಾಗಿರುತ್ತವೆಂದರೆ ಮನೆಯೊಳಗೆ ಆಡಿದ್ದರೆ ಜಗಳವಾಗುತ್ತಿತ್ತು. ಆದರೂ ಬೆಳಗಾದ ಮೇಲೆ ಯಾರಿಗೂ ಅಪಮಾನವಾಗಿರುವದಿಲ್ಲ. ಯಾತಕ್ಕೆಂದರೆ ಹೆಣ್ಣಿನ ಪಕ್ಷಕ್ಕೆ ಅಲ್ಲಿ ಬಾಯಿ ಇದೆ, ಸರದಿ ಇದೆ, ಸಭೆಯ ಮುಂದೆ ಗಂಡಿನ ಪಕ್ಷವನ್ನು ನಿರುತ್ತರಗೊಳಿಸುವ ಅವಕಾಶವಿದೆ. ಈ ನ್ಯಾಯದಿಂದ ನೋಡಿದರೆ, ಈಗಿನ ಎಷ್ಟೋ ಚಲನಚಿತ್ರಗಳ ವಿನೋದದ ಹಾಡುಗಳಲ್ಲಿ ಯಾವದು ಮನಸ್ಸಿಗೆ ಚುಚ್ಚುವದೆಂಬದು ಸ್ಪಷ್ಟವಾಗುವದು. ಒಲ್ಲೆನೆಂದ ಹುಡುಗಿಯನ್ನು, ವಯಸ್ಸಾದ ಹೆಂಡತಿಯನ್ನು, ಕಪ್ಪು ಬಣ್ಣದವಳನ್ನು ಮೂರು ಚರಣಗಳ ವರೆಗೆ ಹಳಿದು ಜನರನ್ನು ನಗಿಸುವರು. ಹಳಿಸಿಕೊಂಡವಳಿಗೆ ನಾಲ್ಕನೆಯ ಚರಣ ಸಿಗುವದಿಲ್ಲ. ಅಂಥ ಹಾಡು ಮನೆಯ ನಡುವೆ ಮೊಳಗಿದಾಗ ಗಂಡಸರೆಲ್ಲ ನಗುತ್ತಿದ್ದರೆ, ಅಡಿಗೆಯ ಮನೆಯಲ್ಲಿ ಒಬ್ಬಳು ನಗದೆ ರೊಟ್ಟಿ ಬಡಿಯುತ್ತಿರುವಳು. ಆ ಹಾಡನ್ನು ಮೆಚ್ಚಿದ್ದಕ್ಕೆ ಸಂಕೋಚಪಟ್ಟರೆ ಅದು ಯೋಗ್ಯವಾದ ಸಂಕೋಚವೇ.

ಅಣಕವಾಡುವವರಲ್ಲಿಯೂ ಈ ಸೂಕ್ಷ್ಮವನ್ನು ಬಲ್ಲವರುಂಟು. ಪ್ರಸಿದ್ಧ ರಾಕ್ ಹಾಡುಗಳ ಧಾಟಿಗೆ ನಗೆಯ ಮಾತುಗಳನ್ನು ಹೊಂದಿಸುವ ಅಮೇರಿಕೆಯ 'ವಿಯರ್ಡ್ ಆಲ್' ಯಾಂಕೋವಿಕ್ ಎಂಬವನು, ಕಾಯದೆಯ ಬಲಾತ್ಕಾರವಿಲ್ಲದಿದ್ದರೂ ಮೂಲ ಹಾಡುಗಾರರ ಒಪ್ಪಿಗೆಯನ್ನು ಕೇಳುವ ಪದ್ಧತಿಯನ್ನಿಟ್ಟುಕೊಂಡವನು. ನಮ್ಮ ಕೈಲಾಸಂರವರು ಇಂಗ್ಲಿಷಿನಲ್ಲಿ ಒಂದು ಊರಿನ ಹೆಸರನ್ನು ಅಕ್ಷರ ಬಿಡಿಸಿ ಹಾಡುವ ವಿನೋದಗೀತೆಯ ಧಾಟಿಯನ್ನು ಹಿಡಿದು 'ಕೋಳೀಕೆ ರಂಗ'ನನ್ನು ಕಟ್ಟಿದರು. ಅಲ್ಲಿ ಹಳ್ಳಿಯ ರಂಗನು ತಾನೇ ತನ್ನ ಹೆಸರನ್ನು ಹೇಳಿಕೊಳ್ಳುವನು. ನಾವು ಅವನೊಡನೆ ನಗುವೆವು, ಅವನನ್ನು ನೋಡಿ ನಗುವದಿಲ್ಲ. ಕೈಲಾಸಂರವರು 1946ರಲ್ಲಿ ತೀರಿಕೊಂಡರು, ರಂಗನು ಇನ್ನೂ ಬದುಕಿರುವನು.

ಇಷ್ಟಾದ ಮೇಲೆ ಕಟ್ಟೆಯ ಪ್ರಶ್ನೆಗೆ ಮರಳೋಣ. ತನ್ನ ಮೆಚ್ಚಿಗೆಯ ಹಾಡನ್ನು ಮತ್ತೊಬ್ಬನಿಗೆ ಹೇಳುವದೆಂದರೇನು? ಸುರೇಬಾನದವರಿಗೆ ಇದನ್ನು ವಿವರಿಸಲು ದೂರದ ದೃಷ್ಟಾಂತ ಬೇಡ. ಶಬರಿಕೊಳ್ಳವು ಊರಿಗೆ ಹತ್ತಿದಂತೆಯೇ ಇದೆ. ರಾಮನಿಗೆ ಶಬರಿಯು ಹಣ್ಣುಗಳನ್ನು ಕಚ್ಚಿ ನೋಡಿ ಸಿಹಿಯಾದವನ್ನೇ ಕೊಟ್ಟಳೆಂಬ ಮಾತು ವಾಲ್ಮೀಕಿಯಲ್ಲಿಲ್ಲ. ಅದು ಬಳಿಕಿನ ಭಕ್ತರು ಸೇರಿಸಿದ್ದು. ಜನರ ಹೃದಯದಲ್ಲಿ ಉಳಿದದ್ದು ಮಾತ್ರ ಅದೇ. ಕಚ್ಚದ ಹಣ್ಣು ಮಡಿಯಾದದ್ದೆಂಬದು ನಿಜ, ಆದರೆ ಕೊಡುವವಳಿಗೂ ಅದರ ರುಚಿ ಗೊತ್ತಿರುವದಿಲ್ಲ. ತಾನು ಕೇಳಿಯೇ ಇಲ್ಲದ ಘನವಾದ ರಾಗದ ಹೆಸರನ್ನು ಮಾನಕ್ಕಾಗಿ ಹೇಳುವವನು ಇಂಥ ಮಡಿಯ ಹಣ್ಣನ್ನೇ ಮುಂದೆ ಇಡುವನು. ನಂಬಿ ತಿಂದವನ ಬಾಯಿ ಹುಳಿಯಾದರೆ ಅದು ಅವನ ಹಣೆಬರಹ. ನಕ್ಕ ಹಾಡನ್ನು ನಕ್ಕೆನೆಂದು ಹೇಳಿ ಕೊಡುವವನ ಹಣ್ಣು ಎಂಜಲೇನೋ ಅಹುದು.

ಗುಡುಗುಡಿಯ ಪದದ ಮೇಲೆ ಮೊನ್ನೆ ವಾದ ಮಾಡಿದ ಹಿರಿಯನೊಬ್ಬನನ್ನು ಕಲ್ಪಿಸಿಕೊಳ್ಳೋಣ. ವಾದ ತೀರಿ ಎಲ್ಲರೂ ಎದ್ದು ಹೋದ ಮೇಲೆ ಹುಡುಗನೊಬ್ಬನು ಉಳಿದು, "ಅಜ್ಜಾರ, ಖರೇ ಹೇಳ್ರಿ, ನೀವು ಈಗ ಯಾವ ಹಾಡ ಕೇಳಾಕತ್ತೀರಿ?" ಎಂದು ಕೇಳುವನು. ಹಿರಿಯನು ಅತ್ತಿತ್ತ ನೋಡಿ, ಮೊಬೈಲನ್ನು ಹುಡುಗನ ಕೈಗೆ ಕೊಟ್ಟು, "ಆ ಕೋಳಿ ಕೋಡಗದ್ದು ಹಚ್ಚು ತಮ್ಮಾ. ಸಾವಕಾಶ ಹಚ್ಚು, ಮನ್ಯಾಗ ಕೇಳಿಸಬಾರದು" ಎನ್ನುವನು.